ನವೆಂಬರ್ ಮೂರಕ್ಕೆ ಹುಟ್ಟಿದ ಆಟಗಾರ

ನಂಬಬೇಡಿ. ನಾನೇ ಹೇಳುತ್ತಿದ್ದೇನೆ, ನಂಬಬೇಡಿ. ಎಷ್ಟು ಹೊತ್ತು ನಂಬದೆ ಕೂರುತ್ತೀರೋ ನೋಡೇಬಿಡೋಣ.

ಅಮೆರಿಕದ ಫುಟ್‌ಬಾಲ್ ಚರಿತ್ರೆಗೆ ಒಬ್ಬ ಆಟಗಾರನನ್ನು ಸೇರಿಸಿದವನು ನಾನು. ಗದಗಿನ ಕಡೆಯವನು, ಆ ಆಟದ ಒಂದು ಪಂದ್ಯವನ್ನೂ ಪೂರ್ತಿ ನೋಡದವನು. ಓಮಾನಿನ ಒಂದು ಯಾರ್ಡಿನಲ್ಲಿ ಕೂತು ಎರಡೇ ಬೆರಳಲ್ಲಿ ಟೈಪು ಮಾಡಿ ಒಬ್ಬ ಮನುಷ್ಯನನ್ನು ಹುಟ್ಟಿಸಿದೆ. ಅವನಿಗೆ ಊರು ಕೊಟ್ಟೆ, ಹುಟ್ಟಿದ ದಿನ ಕೊಟ್ಟೆ, ಹಿಮ ಬೀಳುವ ಒಂದು ಮೈದಾನ ಕೊಟ್ಟೆ. ಟೆಕ್ಸಾಸಿನ ಸಾಹೇಬನೊಬ್ಬ ಯಾರ್ಡಿನ ಜನರೆಲ್ಲರ ಮುಂದೆ ನಿಂತು, ಆ ಪಂದ್ಯವನ್ನು ತಾನು ಕಣ್ಣಾರೆ ನೋಡಿದ್ದೇನೆ ಅಂದ.

ನಗುವುದಾದರೆ ಈಗಲೇ ನಗಿ. ನಾನೂ ಆವತ್ತು ನಕ್ಕಿದ್ದೆ. ಈಗ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ. ಇಲ್ಲಿ ಬರೆದಿದ್ದರಲ್ಲಿ ಒಂದೇ ಒಂದು ಸಂಗತಿ ನಾನು ಕಟ್ಟಿದ್ದು. ಯಾವುದೆಂದು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲೇ ಹಿಡಿದರೆ ನೀವು ನನಗಿಂತ ದೊಡ್ಡ ಕಿಡಿಗೇಡಿಗಳು.

ನಮ್ಮ ಯಾರ್ಡು ಸೀಬ್ ದಾಟಿದ ಮೇಲೆ, ಅಲ್ ಖೌದ್ ಕಡೆಗೆ ತಿರುಗುವಲ್ಲಿ ಇತ್ತು. ಎಣ್ಣೆ ಬಾವಿಗಳಿಗೆ ಬೇಕಾದ ಪೈಪು, ವಾಲ್ವುಗಳನ್ನು ರಿಪೇರಿ ಮಾಡಿ ಕಳಿಸುವ ಕೆಲಸ. ನಾನು ಅಲ್ಲಿ ಕಾಗದಗಳ ಕಾವಲುಗಾರ. ಯಾವ ನಕ್ಷೆ, ಯಾವ ಸರ್ಟಿಫಿಕೇಟು ಬಂದರೂ ಅದಕ್ಕೆ ನಂಬರು ಹಾಕಿ, ಸೀಲು ಒತ್ತಿ, ಫೈಲಿಗೆ ಸೇರಿಸುವವನು. ನನ್ನ ಸೀಲಿಲ್ಲದೆ ಒಂದು ನಟ್ಟು ಗೇಟು ದಾಟುತ್ತಿರಲಿಲ್ಲ. ಜತೆಗೆ ಯಾರ್ಡಿನ ಕಿತಾಪತಿಯೂ ನನ್ನದೇ ಇಲಾಖೆ. ಹೊಸದಾಗಿ ಬಂದ ಒಬ್ಬ ಎಂಜಿನಿಯರಿಗೆ, ಇಲ್ಲಿ ರಸ್ತೆ ದಾಟುವ ಒಂಟೆಗೂ ಲೈಸೆನ್ಸ್ ಇರುತ್ತದೆ, ಕಂಡಾಗೆಲ್ಲ ಕೊರಳಪಟ್ಟಿಯ ಬಣ್ಣ ಬರೆದು ನನಗೆ ಒಪ್ಪಿಸಬೇಕು ಅಂದಿದ್ದೆ. ಪಾಪ, ಒಂದು ವಾರ ಬರೆದ. ಚೆನ್ನಾಗಿಯೇ ಬರೆದಿದ್ದ.

ಸ್ಟೋರ್ ನೋಡಿಕೊಳ್ಳುತ್ತಿದ್ದವನು ಉಡುಪಿ ಕಡೆಯ ಕೊಂಕಣಿ ಮಾತಿನ ಕ್ರಿಶ್ಚಿಯನ್ನನು. ನನಗಿಂತ ಎರಡು ವರ್ಷ ಮೊದಲು ಅಲ್ಲಿಗೆ ಬಂದವನು, ನನ್ನ ದೋಸ್ತ. ಕಬ್ಬಿಣದ ಜಾಲರಿಯ ಕಿಟಕಿಯ ಹಿಂದೆ ಹದಿನಾಲ್ಕು ವರ್ಷ ನಿಂತಿದ್ದ. ಒಂದು ಸಲ ಕ್ರೇನಿನಿಂದ ಜಾರಿದ ವಾಲ್ವು ಅವನ ಎಡಗಾಲ ಮೇಲೆ ಬಿದ್ದು ಎರಡು ಬೆರಳು ಹೋದವು. ಗೇಟಿನ ಹತ್ತಿರ 'ಅಪಘಾತವಿಲ್ಲದ ದಿನಗಳು' ಅಂತ ಒಂದು ಬೋರ್ಡು ಇತ್ತಲ್ಲ, ಅದು ಸೊನ್ನೆಗೆ ಇಳಿಯಬಾರದು ಅಂತ ಸಾಹೇಬ ಆ ಅಪಘಾತವನ್ನು 'ಸಣ್ಣ ಗಾಯ' ಎಂದು ಬರೆಸಿದ. ಬರೆದವನು ನಾನೇ. ಸೀಲೂ ನನ್ನದೇ.

ಸಾಹೇಬ ಅಂದರೆ ನಮ್ಮ ಮ್ಯಾನೇಜರು. ಅವನಿಗೆ ಹುಚ್ಚು ಒಂದೇ: ಅವರ ದೇಶದ ಫುಟ್‌ಬಾಲ್. ಕೈಯಲ್ಲಿ ಹಿಡಿದು ಓಡುವ, ತಲೆಗೆ ಹೆಲ್ಮೆಟ್ ಹಾಕಿ ಗೂಳಿಗಳಂತೆ ಗುದ್ದಾಡುವ, ತೆಂಗಿನಕಾಯಿಯಂಥ ಚೆಂಡಿನ ಆಟ. ಬೆಳಿಗ್ಗೆ ಏಳು ಗಂಟೆಗೆ ಎಲ್ಲರೂ ಶೆಡ್ಡಿನ ಕೆಳಗೆ ನಿಂತು ಸುರಕ್ಷತೆಯ ಪಾಠ ಕೇಳಬೇಕಿತ್ತು. ಅದಕ್ಕೆ ಮುಂಚೆ ಸಾಹೇಬ ಒಂದು ಹಾಳೆ ಓದುತ್ತಿದ್ದ: ಈ ದಿನ ಯಾವ ಆಟಗಾರ ಹುಟ್ಟಿದ, ಈ ದಿನ ಯಾವ ಪಂದ್ಯದಲ್ಲಿ ಏನಾಯಿತು. ಅದನ್ನು ಇಂಟರ್ನೆಟ್ಟಿನಿಂದ ತೆಗೆದು ನೀಟಾಗಿ ಟೈಪು ಮಾಡಿ ಅವನ ಕೈಗೆ ಕೊಡುವುದು ನನ್ನ ಪಾಲಿಗೆ ಬಂದಿತ್ತು. ಕೇಳುವವರು ಯಾರು? ಮಲಯಾಳಿ ವೆಲ್ಡರುಗಳು, ಪಾಕಿಸ್ತಾನದ ಕ್ರೇನಿನವನು, ಬಾಂಗ್ಲಾದ ಹೆಲ್ಪರುಗಳು, ಓಮಾನಿ ಗುಮಾಸ್ತರು. ಫುಟ್‌ಬಾಲ್ ಅಂದರೆ ಅವರಿಗೆಲ್ಲ ದುಂಡು ಚೆಂಡು. ಯಾರೋ ಒಬ್ಬ ದಿಕ್ಕು ತಪ್ಪಿ ತನ್ನದೇ ಗೋಲಿನ ಕಡೆಗೆ ಚೆಂಡು ಹಿಡಿದು ಓಡಿದ ಕಥೆ ಮಾತ್ರ ಎಲ್ಲರಿಗೂ ಅರ್ಥವಾಗಿತ್ತು. ಅವನು ಓಡುತ್ತಿದ್ದರೆ ಎದುರು ತಂಡದವರು ಚಪ್ಪಾಳೆ ಹೊಡೆದರಂತೆ. ಆವತ್ತು ಕ್ರೇನಿನವನೂ ನಕ್ಕಿದ್ದ.

ಸಾಹೇಬನಿಗೆ ಸತ್ತು ಹೋದ ಆಟಗಾರರ ಹುಟ್ಟಿದ ದಿನ, ಹುಟ್ಟಿದ ಹಳ್ಳಿ, ಯಾವ ಮೊಣಕಾಲು ಯಾವ ವರ್ಷ ಮುರಿಯಿತು, ಎಲ್ಲ ಬಾಯಿಪಾಠ. ಹದಿನಾಲ್ಕು ವರ್ಷ ತನ್ನ ಕೈಗವಸು, ಹೆಲ್ಮೆಟ್ ತೆಗೆದು ಕೊಟ್ಟವನ ಹೆಸರು ಮಾತ್ರ ಗೊತ್ತಿರಲಿಲ್ಲ. ವಾಕಿಟಾಕಿಯಲ್ಲಿ ಅವನನ್ನು 'ಸ್ಟೋರ್ಸ್' ಅಂತ ಕರೆಯುತ್ತಿದ್ದ. ಎದುರು ಬಂದರೂ 'ಗುಡ್ ಮಾರ್ನಿಂಗ್, ಸ್ಟೋರ್ಸ್'. ಈ ಸಂಗತಿ ನೆನಪಿಟ್ಟುಕೊಳ್ಳಿ. ಇದು ಕಟ್ಟಿದ್ದಲ್ಲ.

ಇನ್ನು ನಮ್ಮ ಹುಟ್ಟುಹಬ್ಬದ ಕಥೆ. ಕಂಪನಿಯಲ್ಲಿ ಪಾಸ್‌ಪೋರ್ಟಿನ ದಿನಾಂಕ ನೋಡಿ ಕೇಕು ತರಿಸುವ ಪದ್ಧತಿ ಇತ್ತು. ವರ್ಷವಿಡೀ ಒಬ್ಬರಿಗೊಂದು ಸಣ್ಣ ಕೇಕು. ಜೂನ್ ಒಂದಕ್ಕೆ ಮಾತ್ರ ಮೇಜಿನಷ್ಟು ದೊಡ್ಡದು. ಹನ್ನೊಂದು ಜನ ಒಂದೇ ಚಾಕು ಹಿಡಿದು ನಿಲ್ಲುತ್ತಿದ್ದೆವು, ಎಲ್ಲರೂ ಭಾರತದವರು. ನಮ್ಮ ಕಾಲದ ಹೆಡ್‌ಮಾಸ್ತರರು ಗೊತ್ತಲ್ಲ. ಹುಡುಗನನ್ನು ಎದುರು ನಿಲ್ಲಿಸಿ, ಹಲ್ಲು ನೋಡಿ, ಶಾಲೆ ಶುರುವಾಗುವ ಜೂನ್ ಒಂದನ್ನೇ ಹುಟ್ಟಿದ ದಿನವೆಂದು ಬರೆದು ಮುಗಿಸುತ್ತಿದ್ದರು. ನನ್ನ ದಿನ ಕೇಳಿದರೆ ನಮ್ಮವ್ವ, "ಆಲಿಕಲ್ಲ ಬಿದ್ದ ವರ್ಷ, ಎಳ್ಳಮಾಸಿ ಆಗಿ ನಾಕ ದಿನಕ್ಕ" ಅನ್ನುತ್ತಿದ್ದಳು. ಅದನ್ನು ಪಾಸ್‌ಪೋರ್ಟಿನ ಯಾವ ಖಾನೆಯಲ್ಲಿ ಬರೆಯುವುದು?

ಸಾಹೇಬ ಕೇಕು ಬಾಯಿಗಿಟ್ಟುಕೊಂಡು, "ಹನ್ನೊಂದು ಜನ, ಸರಿಯಾಗಿ ಒಂದು ಫುಟ್‌ಬಾಲ್ ತಂಡ. ಅಲ್ಲಯ್ಯಾ, ಒಂಬತ್ತು ತಿಂಗಳ ಹಿಂದೆ, ಸೆಪ್ಟೆಂಬರಿನಲ್ಲಿ, ನಿಮ್ಮ ದೇಶದಲ್ಲಿ ಏನು ನಡೆಯುತ್ತದೆ?" ಅಂದ.

"ಕರೆಂಟ್ ಹೋಗುತ್ತದೆ, ಸರ್," ಅಂದೆ.

ಎಲ್ಲರೂ ನಕ್ಕರು. ಸೂರ್ ಎಂಬ ಕಡಲ ದಂಡೆಯ ಊರಿನಿಂದ ಬಂದ ಓಮಾನಿ ಗುಮಾಸ್ತ ಒಬ್ಬನೇ ನಗಲಿಲ್ಲ. ಅವನ ಅಪ್ಪ ಮರದ ಹಡಗು ಕಟ್ಟುವವನು. "ನಮ್ಮಪ್ಪನೂ, ಅವರ ಅಣ್ಣ ತಮ್ಮಂದಿರೂ, ಎಲ್ಲ ಜನವರಿ ಒಂದು," ಅಂದ, ಸಾಹೇಬನ ಮುಖ ನೋಡದೆ.

ಆ ಹನ್ನೊಂದು ಜನರಲ್ಲಿ ನನ್ನ ದೋಸ್ತನಿಗೆ ಮಾತ್ರ ನಿಜವಾದ ದಿನವೂ ಇತ್ತು. ಅವರ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮಗು ಹುಟ್ಟಿದ್ದನ್ನು, ನೀರು ಹೊಯ್ದು ಹೆಸರಿಟ್ಟಿದ್ದನ್ನು ದೊಡ್ಡ ಪುಸ್ತಕದಲ್ಲಿ ಬರೆದಿಡುತ್ತಾರೆ. ಅದರ ಪ್ರಕಾರ ಅವನು ಹುಟ್ಟಿದ್ದು ನವೆಂಬರ್ ಮೂರಕ್ಕೆ, ಸತ್ತವರಿಗೆಲ್ಲ ಪ್ರಾರ್ಥನೆ ಮಾಡುವ ಹಬ್ಬದ ಮಾರನೆಯ ದಿನ. ಅದೂ ಪಾಸ್‌ಪೋರ್ಟಿನ ದಿನಕ್ಕಿಂತ ಒಂದೂವರೆ ವರ್ಷ ತಡವಾಗಿ.

"ಅಪ್ಪ ಬೊಂಬಾಯಿಯಲ್ಲಿ ಹಡಗಿನ ಕೆಲಸ, ಅಮ್ಮ ಹಂಚಿನ ಫ್ಯಾಕ್ಟರಿಗೆ ಹೋಗುವುದು," ಅಂತ ಅವನು ಹೇಳುತ್ತಿದ್ದ. "ಮನೆಯಲ್ಲಿ ನನ್ನನ್ನು ನೋಡ್ಲಿಕ್ಕೆ ಯಾರಿದ್ದಾರೆ ಮಾರಾಯ? ಅಕ್ಕನೊಟ್ಟಿಗೆ ಶಾಲೆಗೆ ನೂಕಿದ್ರು. ವಯಸ್ಸು ಸಾಲ್ಲಿಲ್ಲ, ಮಾಸ್ಟ್ರು ಸೇರಿಸಿ ಬರೆದ್ರು. ಉಪಕಾರ ಮಾಡಿದ್ದು ಅವರು."

ಪ್ರತಿ ನವೆಂಬರ್ ಮೂರಕ್ಕೆ ಅವನ ಮನೆಯಲ್ಲಿ ನನಗೆ ಊಟ. ಅವರಿಗೆ ಹಂದಿ ಮಾಂಸದ ಅಡುಗೆ, ನನಗೆ ಬೇರೆ ಪಾತ್ರೆಯಲ್ಲಿ ನೀರುದೋಸೆ, ಬೆಲ್ಲ ಹಾಕಿದ ತೆಂಗಿನಕಾಯಿ. ತಡವಾಗಿ ಮದುವೆಯಾಗಿ ಇನ್ನೂ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಸೀಬಿನ ಇಂಡಿಯನ್ ಶಾಲೆಯಲ್ಲಿ ಆ ವರ್ಷ ಹನ್ನೆರಡನೆಯ ಕ್ಲಾಸು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಆದರೆ ನನ್ನ ಜೋಕಿಗೆ ಎಲ್ಲರಿಗಿಂತ ಮೊದಲು ನಗುವವಳು.

ಎಣ್ಣೆಯ ಬೆಲೆ ಪಾತಾಳಕ್ಕೆ ಇಳಿದ ವರ್ಷ ಅದು. ಪಕ್ಕದ ಯಾರ್ಡಿನ ಗೇಟಿಗೆ ಬೀಗ ಬಿದ್ದಿತ್ತು. ನಮ್ಮಲ್ಲಿ ಕೇಕು ನಿಂತಿತು, ಆಮೇಲೆ ಓವರ್‌ಟೈಮ್ ನಿಂತಿತು. ಹಾಳೆ ಮಾತ್ರ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಮುಖ ಬಾಡಿಸಿಕೊಂಡು ನಿಂತ ಜನರಿಗೆ, ಇಂದು ಇಂಥವನು ಹುಟ್ಟಿದ, ಇಂಥವನು ಇಷ್ಟು ಗಜ ಓಡಿದ. ಕೇಳಿ ಕೇಳಿ ನನಗೆ ರಕ್ತ ಕುದಿಯುತ್ತಿತ್ತು. ನವೆಂಬರ್ ಮೂರು ಹತ್ತಿರ ಬಂದಾಗ ತೀರ್ಮಾನ ಮಾಡಿದೆ: ಈ ಸಲ ನನ್ನ ದೋಸ್ತನ ಹುಟ್ಟುಹಬ್ಬವನ್ನು ಈ ಸಾಹೇಬನ ಬಾಯಿಂದಲೇ ಓದಿಸುತ್ತೇನೆ.

ಹಾಳೆಯಲ್ಲಿ ನಿಜವಾದ ಮೂವರು ಆಟಗಾರರ ಕೆಳಗೆ ನಾಲ್ಕನೆಯವನನ್ನು ಸೇರಿಸಿದೆ. ಮನೆತನದ ಹೆಸರು ದೋಸ್ತನದೇ. ಪೋರ್ಚುಗೀಸರು ಕರಾವಳಿಯಲ್ಲಿ ಬಿಟ್ಟುಹೋದ ಹೆಸರು ಅದು, ಅಮೆರಿಕದಲ್ಲೂ ಬೇಕಾದಷ್ಟು ಜನರಿಗಿದೆ. ದಿನ ಅವನದೇ. ವರ್ಷ ಮಾತ್ರ, ಸಾಹೇಬ ಚಡ್ಡಿ ಹಾಕುವ ಕಾಲಕ್ಕೆ ಈ ಆಟಗಾರ ಮೈದಾನದಲ್ಲಿರುವಂತೆ ಹಿಂದಕ್ಕೆ ಒಯ್ದೆ. ಹಿಮ ಬೀಳುವ ಪಂದ್ಯದಲ್ಲಿ ಎಡಗಾಲಿನ ಬೂಟು ಕಳಚಿಹೋಗಿ, ಬರಿಗಾಲಲ್ಲೇ ಓಡಿ, ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ, ಆಮೇಲೆ ಚಳಿಗೆ ಸತ್ತ ಎರಡು ಬೆರಳು ಕತ್ತರಿಸಬೇಕಾಯಿತು ಅಂತ ಬರೆದೆ. ಬರೆದು ನಾನೇ ಬೆನ್ನು ತಟ್ಟಿಕೊಂಡೆ. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ.

ಸಾಹೇಬ ಓದಿದ. ಬೆರಳಿನ ಸಾಲಿಗೆ ಬಂದಾಗ ನಿಲ್ಲಿಸಿ, ಆಕಾಶ ನೋಡಿದ.

"ಈ ಪಂದ್ಯ ನನಗೆ ನೆನಪಿದೆ," ಅಂದ. "ನಮ್ಮಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದ. ಹಿಮದ ಮೇಲೆ ಆ ಬರಿಗಾಲಿನ ಗುರುತು. ಹುಡುಗರೇ, ಧೈರ್ಯ ಅಂದರೆ ಅದು. ಕಾಲು ನೋಯುತ್ತದೆ, ಬಿಸಿಲು ಜಾಸ್ತಿ ಅಂತ ರಜೆ ಕೇಳುತ್ತೀರಲ್ಲ, ಅವನನ್ನು ನೆನಪಿಸಿಕೊಳ್ಳಿ."

ಎರಡು ಬೆರಳಿಲ್ಲದ ಎಡಗಾಲಿನ ಮೇಲೆ ಭಾರ ಬಿಡದಂತೆ ನನ್ನ ದೋಸ್ತ ಮೂರನೆಯ ಸಾಲಿನಲ್ಲಿ ನಿಂತಿದ್ದ. ಕಿವಿ ಕೆಂಪಾಗಿತ್ತು. ನಾನು ಕೆಮ್ಮುವ ನೆಪದಲ್ಲಿ ಪೈಪಿನ ಹಿಂದೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ದಿನ ಅವನ ಮನೆಯಲ್ಲಿ ಊಟಕ್ಕೆ ಕೂತಾಗ ಅದನ್ನು ನಾಲ್ಕು ಸಲ ಅಭಿನಯಿಸಿ ತೋರಿಸಿದೆ. ಮಗಳು ನಕ್ಕೂ ನಕ್ಕೂ ನೀರು ಚೆಲ್ಲಿದಳು. ಅವನೂ ನಕ್ಕ. "ನಿನಗೆ ಬುದ್ಧಿ ಬರುವುದು ಯಾವಾಗ ಮಾರಾಯ," ಅಂದ.

ಅದಾಗಿ ಒಂದು ವಾರಕ್ಕೆ ಪಟ್ಟಿ ಬಂತು. ಪಾಸ್‌ಪೋರ್ಟಿನ ಪ್ರಕಾರ ಐವತ್ತೆಂಟು ತುಂಬಿದವರೆಲ್ಲ ಡಿಸೆಂಬರ್ ಕೊನೆಗೆ ಖಲಾಸ್. ಆರು ಹೆಸರು. ಮೂರನೆಯದು ದೋಸ್ತನದು. ಇಗರ್ಜಿಯ ಪುಸ್ತಕದ ಪ್ರಕಾರ ಅವನಿಗೆ ಆಗಷ್ಟೇ ಐವತ್ತೇಳು ತುಂಬಿತ್ತು. ಅಪ್ಪನ ವೀಸಾ ರದ್ದಾದರೆ ಹೆಂಡತಿ, ಮಗಳು ಎಲ್ಲರೂ ದೇಶ ಬಿಡಬೇಕು. ಮಗಳ ಬೋರ್ಡ್ ಪರೀಕ್ಷೆ ಮಾರ್ಚಿನಲ್ಲಿ. ಬೇಕಾಗಿದ್ದದ್ದು ಮೂರು ತಿಂಗಳು, ಅಷ್ಟೇ.

ಪಟ್ಟಿ ನೋಡಿದ ನನ್ನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ. ಯಾವನೋ ಹೆಡ್‌ಮಾಸ್ತರ ಹುಡುಗನ ಹಲ್ಲು ನೋಡಿ ಬರೆದ ದಿನ ಇವರಿಗೆ ವೇದವಾಕ್ಯ. ದೋಸ್ತನನ್ನು ಕೇಳಿದ್ದರೆ? ಸ್ಟೋರು ಇದ್ದದ್ದು ನನ್ನ ಬಾಗಿಲಿನಿಂದ ಇಪ್ಪತ್ತು ಹೆಜ್ಜೆಗೆ. ಕೇಳಲಿಲ್ಲ. ಫೈಲಿನಿಂದ ನವೆಂಬರ್ ಮೂರರ ಹಾಳೆ ಕಿತ್ತುಕೊಂಡು ಸೀದಾ ಸಾಹೇಬನ ಕೋಣೆಗೆ ನುಗ್ಗಿದೆ.

ಹಾಳೆಯನ್ನು ಮೇಜಿನ ಮೇಲಿಟ್ಟು, "ಸರ್, ಈ ಆಟಗಾರ ನೆನಪಿದ್ದಾನಲ್ಲ?" ಅಂದೆ.

"ಬರಿಗಾಲಿನವನು. ಹೌದು."

"ಅವನು ಇಲ್ಲ. ಅವನನ್ನು ಮಾಡಿದ್ದು ನಾನು. ಊರು, ಹಿಮ, ಬೂಟು, ಎಲ್ಲ ನನ್ನದು. ಆ ಹೆಸರು, ಆ ದಿನ, ಆ ಬೆರಳು ನಿಮ್ಮ ಸ್ಟೋರ್‌ಕೀಪರನದು. ಇಲ್ಲದವನನ್ನು ನೋಡಿದ್ದೀರಿ. ಹದಿನಾಲ್ಕು ವರ್ಷ ಎದುರಿಗಿದ್ದವನನ್ನು ನೋಡಿಲ್ಲ."

ಎಂಥ ಮಾತು ಹೇಳಿದೆ ಅಂತ ನನಗೆ ಆ ಕ್ಷಣದಲ್ಲಿ ಹೆಮ್ಮೆಯಾಯಿತು. ನಾಳೆ ಯಾರ್ಡಿನಲ್ಲಿ ಇದನ್ನು ಹೇಗೆ ಅಭಿನಯಿಸಬೇಕು ಅಂತಲೂ ಯೋಚಿಸಿದೆ. ಸಾಹೇಬನ ಕುತ್ತಿಗೆ ಕೆಂಪಾಯಿತು. ಕೂಗಾಡಲಿಲ್ಲ. ಹಾಳೆಯಲ್ಲಿ ಹೆಸರು ಓದಿದ, ದಿನ ಓದಿದ, ಮತ್ತೆ ಓದಿದ. ಡ್ರಾಯರ್ ಎಳೆದು ಒಂದು ಕಾಗದ ತೆಗೆದು ಅದರ ಪಕ್ಕದಲ್ಲಿಟ್ಟ. ಇಗರ್ಜಿಯ ಕಾಗದ. ಅದೇ ಮನೆತನದ ಹೆಸರು. ಅದೇ ನವೆಂಬರ್ ಮೂರು. ಕೆಳಗೆ ದುಂಡನೆಯ ನೀಲಿ ಸೀಲು.

"ಹಾಗಾದರೆ ಇದನ್ನೂ ನೀನೇ ಮಾಡಿದ್ದು," ಅಂದ.

ನಡೆದದ್ದೇನೆಂದರೆ, ಪಟ್ಟಿ ಬರುವ ಸುಳಿವು ಸಿಕ್ಕ ದಿನವೇ ದೋಸ್ತ ಆ ಕಾಗದ ಕೊಟ್ಟು ಬಂದಿದ್ದ. ಸಾಹೇಬನ ತಾಯಿ ಇಗರ್ಜಿಯಲ್ಲಿ ಹಾಡುವವಳಂತೆ. ಅವನು ಕರಗಿದ್ದ. ಹೆಡ್ ಆಫೀಸಿಗೆ ಬರೆದು ಮಾರ್ಚಿನ ತನಕ ಉಳಿಸುತ್ತೇನೆ, ಆದರೆ ಯಾರಿಗೂ ಹೇಳಬೇಡ, ಉಳಿದ ಜೂನ್ ಒಂದರವರೆಲ್ಲ ಸಾಲುಗಟ್ಟಿ ಬರುತ್ತಾರೆ ಅಂದಿದ್ದ. ಬರೆದ ಪತ್ರ ಸಹಿಗೆ ಕಾದು ಅದೇ ಡ್ರಾಯರಿನಲ್ಲಿತ್ತು. ನಾನು ನೋಡುತ್ತಿದ್ದ ಹಾಗೆಯೇ ಅದನ್ನು ಹರಿದು ಬುಟ್ಟಿಗೆ ಹಾಕಿದ.

ನಾನು ಆಣೆ ಇಟ್ಟೆ. ಇಗರ್ಜಿಗೇ ಫೋನ್ ಮಾಡಿ ಕೇಳಿ, ಅಲ್ಲಿ ದೊಡ್ಡ ಪುಸ್ತಕ ಇದೆ ಅಂದೆ. ಉಡುಪಿಯಿಂದ ಪಾದ್ರಿಗಳು ಹೊಸದಾಗಿ ಬರೆದು, ಹೊಸದಾಗಿ ಸೀಲು ಹಾಕಿ ಇನ್ನೊಂದು ಕಾಗದ ಕಳಿಸಿದರು. ಸಾಹೇಬ ಆ ಸೀಲನ್ನು ಉಗುರಿನಿಂದ ಕೆರೆದು, ಬೆರಳು ಮೂಸಿ ನೋಡಿ, ಬದಿಗಿಟ್ಟ. ನಿಜವಾದ ಕಾಗದ ಬಂದಷ್ಟೂ ನನ್ನ ಕೈಚಳಕ ದೊಡ್ಡದಾಗುತ್ತಾ ಹೋಯಿತು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಕಾರಣ ಬರೆಯಬೇಕಿತ್ತಲ್ಲ: ಇಲ್ಲದ ಪಂದ್ಯವನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ, ಅಂತ. ಆ ಮನುಷ್ಯ ತನ್ನ ಮಾನ ಉಳಿಸಿಕೊಳ್ಳಲು ಒಂದು ಹುಡುಗಿಯ ವರ್ಷ ತೆಗೆಯಲು ತಯಾರಿದ್ದ. ಮುಂದಿನ ಬೆಳಿಗ್ಗೆಯಿಂದ ಹಾಳೆ ನಿಂತಿತು. ಎರಡು ವರ್ಷ ನಾನು ಅವನಿಗೆ ದಿನಾ ಗುಡ್ ಮಾರ್ನಿಂಗ್ ಹೇಳಿದೆ. ಅದೂ ಕಟ್ಟಿದ್ದಲ್ಲ. ಕಟ್ಟಿದ್ದಾಗಿದ್ದರೆ ಚೆನ್ನಾಗಿತ್ತು.

ದೋಸ್ತನಿಗೆ ಹೇಳಲು ಹೋದಾಗ ಅವನು ಜಾಲರಿಯ ಹಿಂದೆ ಗ್ಯಾಸ್ಕೆಟ್ಟುಗಳಿಗೆ ಚೀಟಿ ಕಟ್ಟುತ್ತಿದ್ದ. ಎಲ್ಲ ಕೇಳಿದ. ಚೀಟಿ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ನನಗ್ಯಾಕ ಹೇಳಲಿಲ್ಲೋ ನೀ?" ಅಂದೆ. ನೋಡಿ, ಆಗಲೂ ನನಗೇ ಸಿಟ್ಟು. "ಒಂದ್ ಮಾತ್ ಹೇಳಿದ್ದಿದ್ರ ನಾ ಬಾಯಿ ಮುಚ್ಚಿಕೊಂಡ್ ಕುಂಡರ್ತಿದ್ದೆ."

"ನಿನಗೆ ಹೇಳಿದ್ರೆ ಯಾರ್ಡಿಗೆಲ್ಲ ಗೊತ್ತಾಗ್ತದೆ," ಅಂದ. "ನೀನು ಕೇಳ್ಬಹುದಿತ್ತಲ್ಲ. ಒಂದು ಸಲ ಇಲ್ಲಿ ತನಕ ಬಂದು ಕೇಳಿದ್ರೆ ಆಗ್ತಿತ್ತು."

"ನಿನ್ನ ಸಲುವಾಗೇ ಹೋಗಿದ್ದು ನಾ."

"ಅಲ್ಲ ಮಾರಾಯ. ನೀನು ಗೆಲ್ಲಲಿಕ್ಕೆ ಹೋದದ್ದು." ಇನ್ನೊಂದು ಚೀಟಿಗೆ ಗಂಟು ಹಾಕಿದ. "ನೀನು ಮಾಡಿದ ಆಟಗಾರನಿಗೆ ಮಗಳಿಲ್ಲ. ನನಗೆ ಒಬ್ಬಳು ಉಂಟು."

ಆಮೇಲೆ ನನ್ನ ಕಡೆ ನೋಡಲಿಲ್ಲ. ತನ್ನದೇ ಗೋಲಿನ ಕಡೆಗೆ ಓಡಿದ ಆ ಆಟಗಾರನ ಹೆಸರು ಸಾಹೇಬ ಎಷ್ಟೋ ಸಲ ಹೇಳಿದ್ದ. ನಾನು ನೆನಪಿಟ್ಟುಕೊಳ್ಳಲಿಲ್ಲ. ಈಗ ನೆನಪಿಡುವ ಅಗತ್ಯವೂ ಇಲ್ಲ.

ಶಾಲೆಯವರು ಒಂದು ದಾರಿ ಹೇಳಿದರು: ಮಾರ್ಚಿನಲ್ಲಿ ಹುಡುಗಿ ಹೇಗಾದರೂ ಇಲ್ಲಿಗೆ ಬಂದರೆ ಪರೀಕ್ಷೆಗೆ ಕೂರಬಹುದು. ವಿಸಿಟ್ ವೀಸಾದಲ್ಲಿ ಬರುವುದು, ಎಲ್ಲಾದರೂ ಉಳಿಯುವುದು. ಅವರು ಪೆಟ್ಟಿಗೆ ಕಟ್ಟುವ ದಿನ ನಾನು ಹೋಗಿ ಬಾಗಿಲಲ್ಲೇ ನಿಂತು, "ವೈನಿ, ಖೋಲಿ ನಮ್ಮನ್ಯಾಗ ಐತ್ರಿ. ಎಷ್ಟ್ ದಿನಾ ಬೇಕಾದ್ರೂ ಇರ್ರಿ," ಅಂದೆ.

ಅವನ ಹೆಂಡತಿ, "ನೋಡುವ ಅಣ್ಣ," ಅಂದಳು.

ನಾನು ಸೀಬಿನ ಸೂಕಿಗೆ, ಅಲ್ಲಿನ ಹಳೆಯ ಪೇಟೆಗೆ, ಹೋಗಿ ಹಳೆಯದೊಂದು ಸಾಗುವಾನಿ ಮೇಜು ಕೊಂಡು, ಕಾರಿನ ಮೇಲೆ ಹಗ್ಗದಲ್ಲಿ ಕಟ್ಟಿ ತಂದೆ. ಕುಂಟುವ ಕಾಲಿಗೆ ನಾನೇ ಮೊಳೆ ಹೊಡೆದೆ. ಮಾರ್ಚಿನಲ್ಲಿ ತಾಯಿ ಮಗಳು ಬಂದು ಮೂರು ವಾರ ನಮ್ಮ ಮನೆಯಲ್ಲಿ ಉಳಿದರು. ನನ್ನ ಹೆಂಡತಿ ದಿನಾ ರೊಟ್ಟಿ ಬಡಿದಳು. ಹುಡುಗಿ ಆ ಮೇಜಿನ ಮುಂದೆ ಕೂತು ಓದಿದಳು. ಲೆಕ್ಕದ ಪರೀಕ್ಷೆಯ ಹಿಂದಿನ ದಿನ ಯೋಚನೆಯಲ್ಲಿ ಕೈವಾರದ ಮೊನೆಯಿಂದ ಮೇಜಿನ ಅಂಚಿನಲ್ಲಿ '೩' ಅಂತ ಕೊರೆದು, "ಸಾರಿ ಅಂಕಲ್," ಅಂದಳು. "ಇರಲಿ ಬಿಡವಾ," ಅಂದೆ. ಪಾಸಾದಳು, ಒಳ್ಳೆಯ ಅಂಕಗಳೇ ಬಂದವು.

ಈಗ ಹೇಳುತ್ತೇನೆ. ಹುಡುಗಿ ಬಂದದ್ದು ನಿಜ, ಪಾಸಾದದ್ದು ನಿಜ. ಉಳಿದದ್ದು ನಮ್ಮ ಮನೆಯಲ್ಲಿ ಅಲ್ಲ. ಅವರ ಇಗರ್ಜಿಯ ಯಾರದೋ ಮನೆಯಲ್ಲಿ, ನಮ್ಮ ಬೀದಿಯಿಂದ ಮೂರನೆಯ ತಿರುವಿನಲ್ಲಿ. ಬಂದದ್ದೂ ಹೋದದ್ದೂ ನನಗೆ ಗೊತ್ತಾದದ್ದು ಅವರು ಹೋದ ಮೇಲೆ. ಖೋಲಿ ಖಾಲಿ ಇತ್ತು, ಮೇಜಿಗೆ ಹೊದಿಸಿದ ಬಟ್ಟೆ ಹಾಗೇ ಇತ್ತು.

ಮೇಜು ಈಗಲೂ ನನ್ನ ಹತ್ತಿರ ಇದೆ. ಅಂಚಿನಲ್ಲಿ '೩' ಇದೆ, ಬಂದು ಬೆರಳಾಡಿಸಿ ನೋಡಿ. ಅದನ್ನು ಕೊರೆದವನು ನಾನು.